ಮನೆಯೊಳಗಿನ ಗಾಳಿ ಟೆಸ್ಟ್ ಮಾಡಿಸಬೇಕಾ? ಮಗನ ಸೀನು ನಿಲ್ಲುತ್ತಲೇ ಇಲ್ಲ

ಹೊರಮಾವು_ಅಮ್ಮ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರಮಾವು ಕಡೆ ಅಪಾರ್ಟ್‌ಮೆಂಟ್ ಒಂದರ ಗ್ರೌಂಡ್ ಫ್ಲೋರ್‌ನಲ್ಲಿ ಬಾಡಿಗೆಗಿದ್ದೇವೆ. ಮಗನಿಗೆ ಏಳು ವರ್ಷ. ಬೆಳಿಗ್ಗೆ ಹಾಸಿಗೆಯಲ್ಲಿ ಕಣ್ಣು ಬಿಟ್ಟ ಕೂಡಲೇ ಸಾಲು ಸಾಲು ಸೀನು. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆಯೇ ಬಿದ್ದಿದೆ. ಮಳೆಗಾಲ ಬಂದರೆ ರಾತ್ರಿ ಕೆಮ್ಮು, ಎದೆಯಲ್ಲಿ ಗುಯ್ ಗುಯ್ ಸದ್ದು. ಹಾಸನದ ಅಜ್ಜಿ ಮನೆಗೆ ಹೋದರೆ ಅರ್ಧಕ್ಕರ್ಧ ಕಮ್ಮಿ. ಡಾಕ್ಟರು ಅಲರ್ಜಿ ಅಂದಿದ್ದಾರೆ, ಇನ್‌ಹೇಲರ್ ನಡೀತಾ ಇದೆ.

ಈಗ ವಿಷಯ ಏನಂದ್ರೆ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಕಂಪನಿಯವರು ಸ್ಟಾಲ್ ಹಾಕಿದ್ದರು. ಮನೆಗೆ ಬಂದು ಒಂದು ಗಂಟೆ ಯಂತ್ರ ಇಟ್ಟು, ಗಾಳಿಯಲ್ಲಿ ಹದಿನೈದು ಅಂಶ ಅಳೆದು ರಿಪೋರ್ಟ್ ಕೊಡ್ತಾರಂತೆ. ಕೇಳಿದ ದುಡ್ಡು ನಮ್ಮ ಅರ್ಧ ತಿಂಗಳ ಬಾಡಿಗೆ. ನಮ್ಮವರು "ಅದರ ಬದಲು ಆನ್‌ಲೈನ್‌ನಲ್ಲಿ ಒಂದು ಮೀಟರ್ ತರಿಸೋಣ" ಅಂತಾರೆ. ಅತ್ತೆ "ಸಾಂಬ್ರಾಣಿ ಹಾಕು, ಎಲ್ಲ ಸರಿಹೋಗುತ್ತೆ" ಅಂತಾರೆ. ಮಾಡಿಸಿದವರು ಯಾರಾದರೂ ಇದ್ದೀರಾ?

ಫಿಲ್ಟರ್_ಡಿಕಾಕ್ಷನ್

ನಾವು ಮಾಡಿಸಿದ್ದೇವೆ, ಬೇರೆ ಕಂಪನಿ. ಹನ್ನೆರಡು ಪುಟದ ಬಣ್ಣದ ರಿಪೋರ್ಟ್ ಬಂತು. ಎಲ್ಲದರ ಮುಂದೆಯೂ ಹಳದಿ ಚುಕ್ಕೆ, "ಸಾಧಾರಣ". ಕೊನೆಯ ಪುಟದಲ್ಲಿ ಅವರದೇ ಏರ್ ಪ್ಯೂರಿಫೈಯರ್‌ನ ಕೊಟೇಷನ್. ಇನ್ನು ನೀವೇ ಅರ್ಥ ಮಾಡಿಕೊಳ್ಳಿ.

ಲ್ಯಾಬ್_ಮೇಷ್ಟ್ರು

ಮೇಡಂ, ದುಡ್ಡು ಕೊಡುವ ಮೊದಲು ಅವರಿಗೆ ಒಂದೇ ಪ್ರಶ್ನೆ ಕೇಳಿ. ಆ ಹದಿನೈದರಲ್ಲಿ ಅಲರ್ಜಿ ತರುವ ವಸ್ತು ಯಾವುದು? ನನ್ನ ಅಂದಾಜಿನಲ್ಲಿ ಒಂದೂ ಇರುವುದಿಲ್ಲ. ಪಿಎಂ 2.5, ಪಿಎಂ 10, ಕಾರ್ಬನ್ ಡೈಆಕ್ಸೈಡ್, ಟಿವಿಒಸಿ (ಪೇಂಟು, ಅಂಟಿನಂಥವುಗಳಿಂದ ಏಳುವ ರಾಸಾಯನಿಕ ಆವಿ), ಉಷ್ಣಾಂಶ, ತೇವಾಂಶ ಹೀಗೆ ಪಟ್ಟಿ ಬೆಳೆಯುತ್ತದೆ. ಇವು ಮಾಲಿನ್ಯದ ಅಳತೆ. ಅಲರ್ಜಿಯ ಅಳತೆ ಬೇರೆ.

ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಮೊದಲು ಅನುಮಾನ ಬರುವುದು ಡಸ್ಟ್ ಮೈಟ್ ಮೇಲೆ. ಹಾಸಿಗೆ, ದಿಂಬು, ಸೋಫಾದಲ್ಲಿ ಇರುವ, ಕಣ್ಣಿಗೆ ಕಾಣದ ಹುಳ. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅದರ ಊಟ. ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ಆ ಹಿಕ್ಕೆಯ ಕಣ ಸುಮಾರು 20 ಮೈಕ್ರಾನ್ ದಪ್ಪ. ಪಿಎಂ 2.5 ಅಂದರೆ ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣ. ಲೆಕ್ಕ ಅಲ್ಲೇ ಸಿಕ್ಕಿತಲ್ವಾ? ಅಷ್ಟೇ ಅಲ್ಲ, ಕಣ ಭಾರ ಇರುವುದರಿಂದ ಹಾಸಿಗೆ ಕೊಡವಿದಾಗ ಎದ್ದು, ಅರ್ಧ ಗಂಟೆಯೊಳಗೆ ಹೆಚ್ಚುಕಮ್ಮಿ ಎಲ್ಲ ಕೆಳಗೆ ಕೂತುಬಿಡುತ್ತದೆ. ಹಾಲ್‌ನ ಮಧ್ಯದ ಟೀಪಾಯಿ ಮೇಲೆ ಒಂದು ಗಂಟೆ ಯಂತ್ರ ಇಟ್ಟರೆ ಅದಕ್ಕೆ ಏನು ಸಿಗುತ್ತದೆ? ಮೈಟ್ ಹುಡುಕಬೇಕಾದರೆ ಹಾಸಿಗೆಯ ಧೂಳನ್ನು ವ್ಯಾಕ್ಯೂಮ್‌ನಲ್ಲಿ ಎಳೆದು, ಲ್ಯಾಬಿನಲ್ಲಿ ಒಂದು ಗ್ರಾಂ ಧೂಳಿಗೆ ಎಷ್ಟು ಮೈಕ್ರೋಗ್ರಾಂ ಪ್ರೋಟೀನು ಅಂತ ನೋಡಬೇಕು.

ಬೆಕ್ಕಿನ ಅಲರ್ಜಿ ಇದಕ್ಕೆ ಉಲ್ಟಾ. ಅದು ಸಣ್ಣ ಕಣಗಳಿಗೂ ಅಂಟಿಕೊಂಡು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಬೆಕ್ಕು ಮನೆ ಬಿಟ್ಟು ಹೋದ ತಿಂಗಳುಗಳ ನಂತರವೂ ಉಳಿದಿರುತ್ತದೆ. ಮನೆಯಲ್ಲಿ ಬೆಕ್ಕು ಇದೆಯಾ? ಜಿರಲೆ? ಹಿಂದಿನ ಬಾಡಿಗೆದಾರರ ಹತ್ತಿರ ಏನಾದರೂ ಸಾಕುಪ್ರಾಣಿ ಇತ್ತಾ?

ಹೊರಮಾವು_ಅಮ್ಮ

ಬೆಕ್ಕು ಇಲ್ಲ ಮೇಷ್ಟ್ರೇ. ಜಿರಲೆ ಇದೆ, ಸಿಂಕ್ ಕೆಳಗೆ. ಎಷ್ಟು ಜೆಲ್ ಹಾಕಿದರೂ ಡ್ರೈನೇಜ್ ಕಡೆಯಿಂದ ಮತ್ತೆ ಬರುತ್ತೆ. ಇನ್ನೊಂದು ಹೇಳೋದು ಬಿಟ್ಟೆ. ಮಗನ ರೂಮಿನ ವಾರ್ಡ್‌ರೋಬ್ ಹಿಂದೆ ಗೋಡೆ ಕಪ್ಪಗಾಗಿದೆ. ಬಾಗಿಲು ತೆಗೆದರೆ ಮುಗ್ಗಲು ವಾಸನೆ.

ಶಿರಸಿ_ಮಳೆ

ಅಕ್ಕಾ, ಅದನ್ನು ಮೊದಲೇ ಹೇಳೋದಲ್ವಾ! ಗೋಡೆ ಕಪ್ಪಗಾಗಿ ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಟೆಸ್ಟ್ ಯಾಕೆ ಬೇಕು? ಕಣ್ಣು, ಮೂಗು ಎರಡೂ ಆಗಲೇ ರಿಪೋರ್ಟ್ ಕೊಟ್ಟಿವೆ.

ನಾವು ಮಲೆನಾಡಿನವರು, ಆಷಾಢದಲ್ಲಿ ಚಪ್ಪಲಿ, ಬೆಲ್ಟು, ದೇವರ ಫೋಟೋದ ಹಿಂಭಾಗ ಎಲ್ಲಕ್ಕೂ ಬೂಷ್ಟು ಹಿಡಿಯೋದು ನೋಡಿಕೊಂಡೇ ಬೆಳೆದವರು. ಕೆಲವರು ಬಂದು ಅಗರ್ ಹಾಕಿದ ಸಣ್ಣ ತಟ್ಟೆ ತೆರೆದಿಟ್ಟು, ಆಮೇಲೆ ಬೆಳೆದ ಬೂಷ್ಟು ತೋರಿಸಿ ಹೆದರಿಸ್ತಾರೆ. ಆ ತಟ್ಟೆಯನ್ನು ಯಾವ ಮನೆಯಲ್ಲಿಟ್ಟರೂ ಏನಾದರೊಂದು ಬೆಳೆದೇ ಬೆಳೆಯುತ್ತೆ. ಬೂಷ್ಟಿನ ಬೀಜಕಣ ಇಲ್ಲದ ಗಾಳಿ ಎಲ್ಲಿದೆ?

ನಿಮಗೆ ಬೇಕಾದ ಟೆಸ್ಟ್ ಬೇರೆ. ನೀರು ಎಲ್ಲಿಂದ ಬರ್ತಿದೆ ಅನ್ನೋದು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತಗೊಳ್ಳಿ. ಪೇಪರ್ ಅಗಲದ ಒಂದು ತುಂಡನ್ನು ಆ ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪ್ ಹಚ್ಚಿ. ಗೋಡೆಯ ಮೇಲ್ಮೈ ಮುಟ್ಟಿದರೆ ಒಣಗಿರಬೇಕು, ಇಲ್ಲಾಂದ್ರೆ ಟೇಪ್ ನಿಲ್ಲಲ್ಲ. ಎರಡು ದಿನ ಬಿಟ್ಟು ನೋಡಿ. ಫಾಯಿಲ್‌ನ ಹೊರಮೈ ಮೇಲೆ, ಅಂದ್ರೆ ರೂಮಿನ ಕಡೆ, ನೀರ ಹನಿ ಕೂತಿದ್ದರೆ ರೂಮಿನ ಗಾಳಿಯ ತೇವ ತಣ್ಣನೆ ಗೋಡೆಗೆ ಬಡಿದು ನೀರಾಗ್ತಿದೆ ಅಂತ. ಬಿಚ್ಚಿದಾಗ ಒಳಮೈ ಒದ್ದೆ ಇದ್ದರೆ ಗೋಡೆಯೊಳಗಿಂದಲೇ ನೀರು ಬರ್ತಿದೆ. ಮೇಲಿನ ಮನೆಯ ಬಚ್ಚಲು, ಪೈಪು, ಇಲ್ಲಾ ಪಾಯದಿಂದ ಏರಿದ ತೇವ. ಮೊದಲನೆಯದಕ್ಕೆ ಕಿಟಕಿ ತೆಗೆಯೋದು, ವಾರ್ಡ್‌ರೋಬನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯೋದು ಸಾಕಾಗಬಹುದು. ಎರಡನೆಯದಕ್ಕೆ ಪ್ಲಂಬರ್ ಬೇಕು.

ಜೊತೆಗೆ ತೇವಾಂಶ ತೋರಿಸುವ ಸಣ್ಣ ಹೈಗ್ರೋಮೀಟರ್ ಒಂದು ತಗೊಳ್ಳಿ. ಇಡೀ ಮನೆಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯೋಗದ ಮೀಟರ್ ಇನ್ನೊಂದಿಲ್ಲ.

ಗಾಳಿ_ಲೆಕ್ಕ

ಹೈಗ್ರೋಮೀಟರ್ ಬಗ್ಗೆ ನೂರಕ್ಕೆ ನೂರು ಒಪ್ಪಿಗೆ. ಆದರೆ ಅಗ್ಗದವು ಸುಳ್ಳು ಹೇಳ್ತವೆ. ಮನೆಯಲ್ಲೇ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಮರಳು ಒದ್ದೆಯಾದಂತೆ ಕಾಣುವಷ್ಟು ಮಾತ್ರ ನೀರು ಬಿಡಿ. ಉಪ್ಪು ಕರಗಿ ಹೋಗಬಾರದು. ಮುಚ್ಚಳ, ಮೀಟರ್ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ಅಕ್ಕಪಕ್ಕ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಚ್ಚಳ ತೆಗೆಯದೆ ನೋಡಿ. 75 ಶೇಕಡಾ ತೋರಿಸಬೇಕು. 70 ತೋರಿಸಿದರೆ ನಿಮ್ಮ ಮೀಟರ್ ಐದು ಕಮ್ಮಿ ಓದುತ್ತೆ ಅಂತ ಹಿಂದೆ ಪೆನ್ನಲ್ಲಿ ಬರೆದಿಡಿ. ಉಪ್ಪಿನ ಈ 75 ನಮ್ಮ ಊರಿನ ಸೆಕೆಗೂ ಚಳಿಗೂ ಹೆಚ್ಚು ಬದಲಾಗಲ್ಲ.

ಇನ್ನು ಪಿಎಂ ಮೀಟರ್. ನಾನು ವರ್ಷಗಳಿಂದ ಇಟ್ಟುಕೊಂಡಿದ್ದೇನೆ, ಇಷ್ಟವೂ ಹೌದು. ಆದರೆ ಅದರ ಭಾಷೆ ಕಲಿಯಬೇಕು. ಒಳಗೆ ಒಂದು ಸಣ್ಣ ಲೇಸರ್, ಫ್ಯಾನ್ ಇರುತ್ತೆ. ಕಣಕ್ಕೆ ಬಡಿದು ಚದುರಿದ ಬೆಳಕನ್ನು ಎಣಿಸಿ ತೂಕ ಊಹಿಸುತ್ತೆ. ಹೊಗೆಯ ಕಣವೋ ನೀರಿನ ಹನಿಯೋ ಅದಕ್ಕೆ ಗೊತ್ತಾಗಲ್ಲ. ನಮ್ಮ ಮನೆಯಲ್ಲಿ ಇಡ್ಲಿ ಪಾತ್ರೆ ಮುಚ್ಚಳ ತೆಗೆದರೆ ಸಾಕು, ಕೆಂಪು ದೀಪ. ಒಗ್ಗರಣೆಗೆ ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಬಿದ್ದಾಗ ಏರಿದ್ದು ನಿಜವಾದ ಹೊಗೆ. ಇಡ್ಲಿಯದು ಬರೀ ಆವಿ. ಹಾಗೇ ಅಲ್ಟ್ರಾಸಾನಿಕ್ ಹ್ಯುಮಿಡಿಫೈಯರ್‌ಗೆ ಬೋರ್‌ವೆಲ್ ಗಡಸು ನೀರು ಹಾಕಿದರೆ ನೀರಿನ ಲವಣವೇ ಬಿಳಿ ಧೂಳಾಗಿ ಹಾರುತ್ತೆ. ಅದು ಮಾತ್ರ ನಿಜವಾದ ಕಣ.

ಕಾರ್ಬನ್ ಡೈಆಕ್ಸೈಡ್ ನೋಡುವುದಾದರೆ ಡಬ್ಬಿ ಮೇಲೆ ಎನ್‌ಡಿಐಆರ್ ಸೆನ್ಸರ್ (ಇನ್‌ಫ್ರಾರೆಡ್ ಬೆಳಕಿನಿಂದ ಆ ಅನಿಲವನ್ನೇ ನೇರ ಅಳೆಯುವುದು) ಅಂತ ಇರಲಿ. ಅಗ್ಗದ ಎಷ್ಟೋ ಮೀಟರ್‌ಗಳು ಇನ್ನೇನೋ ಅಳೆದು, ಅದರಿಂದ ಕಾರ್ಬನ್ ಡೈಆಕ್ಸೈಡ್ ಊಹೆ ಮಾಡಿ ತೋರಿಸ್ತವೆ. ಪರೀಕ್ಷೆ ಸುಲಭ. ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ ತೆರೆಯಿರಿ. ಕಾರ್ಬನ್ ಡೈಆಕ್ಸೈಡ್ ಸಾವಿರಗಟ್ಟಲೆ ಜಿಗಿದರೆ ಆ ಮೀಟರ್ ವಾಪಸ್ ಮಾಡಿ. ಒಳ್ಳೆಯ ಮೀಟರ್ ಬಾಲ್ಕನಿಯಲ್ಲಿ 420-450 ಪಿಪಿಎಂ ಆಸುಪಾಸು ತೋರಿಸಬೇಕು. ಮೂವರು ಮಲಗುವ ರೂಮಿನಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿದರೆ ಬೆಳಗಿನ ಹೊತ್ತಿಗೆ 2,000 ದಾಟುವುದು ಮಾಮೂಲಿ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುತ್ತೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ, ಇದ್ದ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಂಪು ಮಾಡುತ್ತೆ.

ಇಂಟೀರಿಯರ್_ಸೈಟ್

ಎಲ್ಲರೂ ಸೇರಿ ವೃತ್ತಿಪರ ಟೆಸ್ಟಿಂಗನ್ನೇ ಬೈಯುತ್ತಿದ್ದೀರಿ. ಸ್ವಲ್ಪ ನಿಲ್ಲಿ. ನಾನು ಇಂಟೀರಿಯರ್ ಕೆಲಸದಲ್ಲಿರುವವನು. ಹೊಸ ಮನೆಗೆ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಎಲ್ಲ ಹಾಕಿಸಿ ಮರುವಾರವೇ ಗೃಹಪ್ರವೇಶ ಮಾಡುವವರ ಕಣ್ಣು ಉರಿಯುವುದು ದಿನಾ ನೋಡುತ್ತೇನೆ. ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಅಗ್ಗದ ಪ್ಲೈವುಡ್‌ನ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ, ಕಣ್ಣು ಉರಿಸುವ ಅನಿಲ ಬರುತ್ತದೆ. ಸೆಕೆ, ತೇವ ಜಾಸ್ತಿಯಾದಷ್ಟೂ ಜಾಸ್ತಿ ಬರುತ್ತದೆ. ಇದನ್ನು ಅಂಗಡಿ ಮೀಟರ್ ನಂಬಿ ಅಳೆಯಲಾಗದು. ಲ್ಯಾಬಿನವರು ಪಂಪ್ ಇಟ್ಟು, ಡಿಎನ್‌ಪಿಎಚ್ ಅನ್ನುವ ರಾಸಾಯನಿಕ ಲೇಪಿಸಿದ ಕೊಳವೆ ಮೂಲಕ ಗಾಳಿ ಎಳೆದು ಪರೀಕ್ಷಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಅರ್ಧ ಗಂಟೆಯ ಸರಾಸರಿಗೆ ಘನ ಮೀಟರಿಗೆ 0.1 ಮಿಲಿಗ್ರಾಂ. ಇಂಥ ಕಡೆ ಲ್ಯಾಬಿಗೆ ಕೊಟ್ಟ ದುಡ್ಡು ದಂಡ ಅಲ್ಲ.

ಲ್ಯಾಬ್_ಮೇಷ್ಟ್ರು

ಒಪ್ಪಿದೆ. ನಾನು ಬೈದಿದ್ದು ಏನು ಹುಡುಕುತ್ತಿದ್ದೇವೆ ಅಂತ ಗೊತ್ತಿಲ್ಲದೆ ಎಲ್ಲ ಅಳೆಯುವುದನ್ನು. ಒಂದೇ ವಸ್ತು, ಅದರ ಮೇಲೆ ಅನುಮಾನ, ಅದಕ್ಕೆ ತಕ್ಕ ವಿಧಾನ. ಹಾಗಿದ್ದರೆ ಮಾಡಿಸಿ.

ಮತ್ತೆ ರಿಪೋರ್ಟಿನಲ್ಲಿ ಯಾವ ಮಿತಿಗೆ ಹೋಲಿಸಿದ್ದಾರೆ ಅಂತ ನೋಡಲೇಬೇಕು. ಪಿಎಂ 2.5 ಗೆ ನಮ್ಮ ದೇಶದ 2009ರ ಮಾನದಂಡ 24 ಗಂಟೆಯ ಸರಾಸರಿಗೆ ಘನ ಮೀಟರಿಗೆ 60 ಮೈಕ್ರೋಗ್ರಾಂ. ಅದೂ ಹೊರಗಿನ ಗಾಳಿಗೆ ಮಾಡಿದ್ದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟದ್ದು 15. ನಿಮ್ಮ ಮನೆಯಲ್ಲಿ 50 ಬಂದರೆ ಒಂದರ ಪ್ರಕಾರ ಹಸಿರು, ಇನ್ನೊಂದರ ಪ್ರಕಾರ ಮೂರು ಪಟ್ಟಿಗೂ ಮೇಲೆ. ಮಾರುವವರಿಗೆ ಬೇಕಾದ ಬಣ್ಣ ಅವರೇ ಆರಿಸಿಕೊಳ್ಳಬಹುದು. ಒಂದು ಗಂಟೆಯ ಅಳತೆಯನ್ನು 24 ಗಂಟೆಯ ಮಿತಿಗೆ ಹೋಲಿಸುವುದಂತೂ ಲೆಕ್ಕಕ್ಕೇ ಬರುವುದಿಲ್ಲ.

ಹುಬ್ಬಳ್ಳಿ_ಗಿರ್ಮಿಟ್

ಅಕ್ಕಾರ, ಸಾಂಬ್ರಾಣಿ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತತೀನಿ. ನಮ್ಮ ಮನೆಯಲ್ಲೂ ಕೂಸಿಗೆ ತಲೆಸ್ನಾನ ಆದ ಮೇಲೆ ಬುಟ್ಟಿ ಮುಚ್ಚಿ ಹೊಗೆ ಹಾಕುತ್ತಿದ್ದರು. ದೊಡ್ಡವರಿಗೆ ಬ್ಯಾಡ ಅಂದ್ರೆ ಸಿಟ್ಟು ಬರತದ. ಆದರೆ ಗುಯ್ ಗುಯ್ ಅನ್ನೋ ಎದೆಗೆ ಹೊಗೆ ಹೊಗೆಯೇ ನೋಡ್ರಿ, ದೇವರ ಮನೆಯದಾದರೂ ಅಷ್ಟೇ. ಸೊಳ್ಳೆ ಕಾಯಿಲ್ ಇನ್ನೂ ಕೆಟ್ಟದ್ದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಪಿಎಂ 2.5 ಬರುತ್ತದೆ ಅಂತ ಸಿಕ್ಕಿತ್ತು. ಸೊಳ್ಳೆ ಪರದೆ ಕಟ್ಟಿರಿ, ಮುಗೀತು.

ಇನ್ನೊಂದು ಮಾತು. ಗ್ಯಾಸ್ ಗೀಸರ್ ಬಚ್ಚಲೊಳಗೆ ಐತೇನು? ಇದ್ದರೆ ಈ ಧೂಳು, ಬೂಷ್ಟು ಎಲ್ಲ ಬಿಟ್ಟು ಮೊದಲು ಅದನ್ನು ಹೊರಗೆ ಹಾಕಿಸಿರಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಸ್ನಾನಕ್ಕೆ ಹೋದವರು ಎದ್ದು ಬರದ ಸುದ್ದಿ ಪೇಪರಿನಲ್ಲಿ ಬರತಾನೇ ಇರತದ.

ಎಡಿಸನ್_ಕನ್ನಡಿಗ

ನ್ಯೂಜೆರ್ಸಿಯಿಂದ. ಇಲ್ಲಿ ಗ್ಯಾಸಿನಂಥ ಇಂಧನ ಉರಿಸುವ ಮನೆಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ರೂಮಿನ ಹತ್ತಿರ ಇರಲೇಬೇಕು. ಊರಿಗೆ ಬಂದಾಗ ಅಪ್ಪ ಅಮ್ಮನ ಮನೆಗೂ ಒಂದು ತಂದು ಹಾಕಿದೆ. ಒಂದು ವಿಷಯ ಗಮನಿಸಿ, ಗ್ಯಾಸ್ ಸೋರಿಕೆ ಅಲಾರಂ ಬೇರೆ, ಇದು ಬೇರೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ ಇರಬೇಕು. ಪೈಪಿನಲ್ಲಿ ಬರುವ ಗ್ಯಾಸ್ ಹಗುರ, ಅದಕ್ಕೆ ಛಾವಣಿಯ ಹತ್ತಿರ. ಕಾರ್ಬನ್ ಮೊನಾಕ್ಸೈಡ್ ಹೆಚ್ಚುಕಮ್ಮಿ ಗಾಳಿಯಷ್ಟೇ ತೂಕ. ಸೆನ್ಸರಿಗೆ ಆಯಸ್ಸು ಇರುತ್ತೆ, ಹಿಂದೆ ಬರೆದ ದಿನಾಂಕ ನೋಡಿ ಬದಲಿಸಿ.

ಇಲ್ಲಿ ನಾವು ಮನೆ ಕೊಂಡಾಗ ಮಾಡಿಸಿದ ಟೆಸ್ಟ್ ರೇಡಾನ್. ನೆಲದೊಳಗಿನ ಯುರೇನಿಯಂನಿಂದ ಹುಟ್ಟುವ ವಿಕಿರಣದ ಅನಿಲ, ಬೇಸ್‌ಮೆಂಟಿನ ಬಿರುಕಿನಿಂದ ಒಳಗೆ ಬರುತ್ತೆ. ಹನ್ನೆರಡು ಗಂಟೆ ಮೊದಲೇ ಕಿಟಕಿ ಬಾಗಿಲು ಮುಚ್ಚಿ, ಇದ್ದಿಲಿನ ಡಬ್ಬಿ ಕೆಲವು ದಿನ ಇಟ್ಟು ಲ್ಯಾಬಿಗೆ ಕಳಿಸಬೇಕು. ಲೀಟರಿಗೆ 4 ಪಿಕೋಕ್ಯೂರಿ ದಾಟಿದರೆ ಸರಿಪಡಿಸಿ ಅನ್ನುತ್ತೆ ಇಲ್ಲಿನ ಪರಿಸರ ಸಂಸ್ಥೆ. ಅದೇ ಸಂಸ್ಥೆ ಬೂಷ್ಟಿಗೆ ಇಷ್ಟೇ ಇರಬೇಕು ಅನ್ನುವ ಮಿತಿಯನ್ನೇ ಇಟ್ಟಿಲ್ಲ. ಕಣ್ಣಿಗೆ ಕಂಡರೆ ಟೆಸ್ಟ್ ಬೇಡ, ತೇವ ನಿಲ್ಲಿಸಿ ತೆಗೆದುಹಾಕಿ ಅನ್ನುತ್ತೆ. ಶಿರಸಿಯವರು ಹೇಳಿದ್ದೂ ಅದೇ.

ಫಿಲ್ಟರ್_ಡಿಕಾಕ್ಷನ್

ಹಾಗಾದ್ರೆ ನಮ್ಮ ಗ್ರಾನೈಟ್ ಕಿಚನ್ ಕಟ್ಟೆಯಿಂದಲೂ ರೇಡಾನ್ ಬರುತ್ತಾ? 😀

ಎಡಿಸನ್_ಕನ್ನಡಿಗ

ಚೂರು ಬರಬಹುದು. ಆದರೆ ಮುಖ್ಯ ಮೂಲ ಕಟ್ಟಡದ ಕೆಳಗಿನ ನೆಲ. ಚಳಿಗೆ ಹೆದರಿ ತಿಂಗಳುಗಟ್ಟಲೆ ಮನೆ ಮುಚ್ಚಿಡುವವರು ನಾವು. ಕಿಟಕಿ ತೆಗೆದಿಟ್ಟು ಫ್ಯಾನ್ ಹಾಕುವ ನೀವು ನೆಮ್ಮದಿಯಾಗಿ ದೋಸೆ ಹುಯ್ಯಿರಿ.

ಮಕ್ಕಳ_ವಾರ್ಡ್_ಸಿಸ್ಟರ್

ನಾನು ನರ್ಸ್. ಇಷ್ಟೆಲ್ಲ ಓದಿದೆ, ಮನೆಯನ್ನು ಟೆಸ್ಟ್ ಮಾಡುವ ಮಾತೇ ನಡೀತಿದೆ. ಮಗುವನ್ನು ಟೆಸ್ಟ್ ಮಾಡಿಸಿದ್ದೀರಾ? ಮನೆಯಲ್ಲಿ ಮೈಟ್ ಇರುವುದು ಗ್ಯಾರಂಟಿ, ಎಲ್ಲರ ಮನೆಯಲ್ಲೂ ಇದೆ. ನಿಮ್ಮ ಮಗನಿಗೆ ಅದು ಆಗಲ್ವಾ ಅನ್ನೋದು ಪ್ರಶ್ನೆ. ಸ್ಕಿನ್ ಪ್ರಿಕ್ ಟೆಸ್ಟ್‌ನಲ್ಲಿ ಮುಂಗೈಯ ಒಳಭಾಗಕ್ಕೆ ಒಂದೊಂದು ಹನಿ ಹಾಕಿ ಸೂಕ್ಷ್ಮವಾಗಿ ಚುಚ್ಚುತ್ತಾರೆ. ಮೈಟ್, ಜಿರಲೆ, ಬೂಷ್ಟು, ಪರಾಗ ಹೀಗೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಸೊಳ್ಳೆ ಕಚ್ಚಿದಂತೆ ಉಬ್ಬಿದ್ದನ್ನು ಸ್ಕೇಲ್‌ನಲ್ಲಿ ಅಳೆಯುತ್ತಾರೆ. ಅದಕ್ಕೆ ಮೊದಲು ಅಲರ್ಜಿ ಮಾತ್ರೆ, ಸಿರಪ್ ಕೆಲವು ದಿನ ನಿಲ್ಲಿಸಬೇಕಾಗುತ್ತೆ. ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ. ಇನ್‌ಹೇಲರ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ಮಾತ್ರೆ ನಿಲ್ಲಿಸೋಕೆ ಆಗದಿದ್ದರೆ ರಕ್ತದಲ್ಲಿ ಐಜಿಇ, ಅಂದ್ರೆ ಅಲರ್ಜಿಯಲ್ಲಿ ಏರುವ ಪ್ರತಿಕಾಯ, ನೋಡುವ ಟೆಸ್ಟ್ ಇದೆ.

ನಿಮ್ಮ ಏರಿಯಾದಲ್ಲಿ ಖಾಲಿ ಸೈಟುಗಳು ಜಾಸ್ತಿ ಅಲ್ವಾ? ಮಳೆ ಬಿದ್ದ ಮೇಲೆ ಅಲ್ಲಿ ತುಂಬುವ ಕಾಂಗ್ರೆಸ್ ಗಿಡದ ಪರಾಗವೂ ಪಟ್ಟಿಯಲ್ಲಿರಲಿ ಅಂತ ಕೇಳಿ. ಪರಾಗವೂ ದಪ್ಪ ಕಣವೇ, ಪಿಎಂ 2.5 ಮೀಟರಿಗೆ ಕಾಣಲ್ಲ.

ಹೊರಮಾವು_ಅಮ್ಮ

ಎಲ್ಲರಿಗೂ ಉತ್ತರ ಕೊಡೋಕೆ ತಡ ಆಯ್ತು. ಆ ಏರ್ ಆಡಿಟ್ ಬೇಡ ಅಂದೆವು. ಫೋನ್ ಮೇಲೆ ಫೋನ್, ಕೊನೆಗೆ ಅರ್ಧ ರೇಟಿಗೆ ಇಳಿದರು!

ಫಾಯಿಲ್ ಬಿಚ್ಚಿದಾಗ ಒಳಮೈ ಪೂರ್ತಿ ಒದ್ದೆ. ಹೊರಗಡೆ ಒಣಗಿತ್ತು. ಮೇಲಿನ ಮನೆಯ ಬಚ್ಚಲು ಸರಿಯಾಗಿ ಅದೇ ಗೋಡೆಗೇ ಇದೆ. ಉಪ್ಪಿನ ಟೆಸ್ಟ್‌ನಲ್ಲಿ ನಮ್ಮ ಹೈಗ್ರೋಮೀಟರ್ 71 ತೋರಿಸಿತು. ನಾಲ್ಕು ಸೇರಿಸಿ ಓದಿದರೆ ವಾರ್ಡ್‌ರೋಬ್ ಹಿಂದೆ 88, ರೂಮಿನ ಮಧ್ಯ 69. ಒಂದೇ ರೂಮಿನಲ್ಲಿ ಇಷ್ಟು ವ್ಯತ್ಯಾಸ!

ಸ್ಕಿನ್ ಟೆಸ್ಟ್‌ನಲ್ಲಿ ಡಸ್ಟ್ ಮೈಟ್ ದೊಡ್ಡದಾಗಿ ಉಬ್ಬಿತು, ಜಿರಲೆ ಸ್ವಲ್ಪ. ಬೂಷ್ಟಿಗೆ, ಕಾಂಗ್ರೆಸ್ ಗಿಡಕ್ಕೆ ಏನೂ ಇಲ್ಲ. ಹಾಗಾದರೆ ಗೋಡೆ ಸರಿಮಾಡಿಸೋದು ಬೇಡವಾ? ಪ್ಯೂರಿಫೈಯರ್ ತಗೊಳ್ಳೋದಾ?

ಲ್ಯಾಬ್_ಮೇಷ್ಟ್ರು

ಗೋಡೆ ಸರಿಮಾಡಿಸಲೇಬೇಕು. ಮೈಟ್ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ತೇವಾಂಶ 50ರ ಕೆಳಗೆ ತುಂಬಾ ದಿನ ಉಳಿದರೆ ಒಣಗಿ ಸಾಯುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ 50 ಕಷ್ಟ, ಆದರೂ ಇಳಿದಷ್ಟು ಲಾಭ.

ಪ್ಯೂರಿಫೈಯರ್ ಹೊಗೆಗೆ, ಬೆಕ್ಕಿಗೆ ಒಳ್ಳೆಯದು. ಮೈಟ್‌ಗೆ ಅಷ್ಟಕ್ಕಷ್ಟೇ, ಯಾಕೆಂದರೆ ಅದು ಗಾಳಿಯಲ್ಲಿ ನಿಲ್ಲುವುದೇ ಇಲ್ಲ. ಆ ದುಡ್ಡಿನಲ್ಲಿ ಹಾಸಿಗೆಗೂ ದಿಂಬಿಗೂ ಒತ್ತಾದ ನೇಯ್ಗೆಯ, ಜಿಪ್ ಇರುವ ಮೈಟ್ ಕವರ್ ತನ್ನಿ. ಬೆಡ್‌ಶೀಟ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಬಿಸಿಲಿಗೆ ಹಾಸಿಗೆ ಹಾಕುವ ಪದ್ಧತಿ ಒಳ್ಳೆಯದೇ, ಹುಳ ಸಾಯುತ್ತದೆ. ಆದರೆ ಹಿಕ್ಕೆ ಅಲ್ಲೇ ಉಳಿಯುತ್ತದೆ. ಹೊರಗೇ ಚೆನ್ನಾಗಿ ಬಡಿದು ತನ್ನಿ, ಆಗ ಮಗ ಹತ್ತಿರ ಇರಬಾರದು. ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ.

ಗಾಳಿ_ಲೆಕ್ಕ

ಮುಂದೆ ಯಾವಾಗಲಾದರೂ ಪ್ಯೂರಿಫೈಯರ್ ತಗೊಂಡರೆ ಲೆಕ್ಕ ಇಷ್ಟೇ. 10 ಅಡಿಗೆ 12 ಅಡಿ ರೂಮು, ಎತ್ತರ 10 ಅಂದ್ರೆ 1,200 ಘನ ಅಡಿ, ಸುಮಾರು 34 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಶುದ್ಧವಾಗಬೇಕಾದರೆ ಸಿಎಡಿಆರ್, ಅಂದ್ರೆ ಅದು ಗಂಟೆಗೆ ಶುದ್ಧ ಮಾಡಿ ಕೊಡುವ ಗಾಳಿ, 170 ಘನ ಮೀಟರ್ ಇರಬೇಕು. ಡಬ್ಬಿ ಮೇಲಿನ ಅಂಕಿ ಜೋರು ಸ್ಪೀಡಿನದ್ದು. ರಾತ್ರಿ ಆ ಸದ್ದಿಗೆ ಯಾರೂ ಮಲಗಲ್ಲ, ಹಾಗಾಗಿ ಇನ್ನೂ ದೊಡ್ಡದು ನೋಡಿ. ಓಝೋನ್ ಬಿಡುವ ಅಯಾನೈಸರ್ ಇದ್ದರೆ ಮುಟ್ಟಲೇಬೇಡಿ, ಉಬ್ಬಸಕ್ಕೆ ಅದೇ ವಿಷ.

ಹೊರಮಾವು_ಅಮ್ಮ

ಕವರ್ ಆರ್ಡರ್ ಮಾಡಿದೆ. ಅತ್ತೆ ಸಾಂಬ್ರಾಣಿಯನ್ನು ಶುಕ್ರವಾರಕ್ಕೆ ಮಾತ್ರ, ಅದೂ ಬಾಲ್ಕನಿಗೆ ಇಳಿಸಿದ್ದಾರೆ 🙏 ಈಗ ಜಗಳ ಓನರ್ ಜೊತೆ. "ಮೇಲಿನವರು ಸರಿಮಾಡಿಸಲಿ" ಅಂತ ಅವರು, "ನಮ್ಮ ಬಚ್ಚಲಲ್ಲಿ ಏನೂ ಸೋರ್ತಿಲ್ಲ" ಅಂತ ಮೇಲಿನವರು. ಓನರ್ ಸದ್ಯಕ್ಕೆ ಡ್ಯಾಂಪ್ ಪ್ರೂಫ್ ಪೇಂಟ್ ಹೊಡೆಸಿಕೊಡ್ತೀನಿ ಅಂತಿದ್ದಾರೆ.

ಶಿರಸಿ_ಮಳೆ

ಪೇಂಟಿಗೆ ಒಪ್ಪಬೇಡಿ ಅಕ್ಕಾ! ಒದ್ದೆ ಗೋಡೆ ಮೇಲೆ ಏನೇ ಬಳಿದರೂ ಮುಂದಿನ ಮಳೆಗಾಲದ ಹೊತ್ತಿಗೆ ಗುಳ್ಳೆ ಎದ್ದು ಉದುರುತ್ತೆ. ಬಚ್ಚಲು ಸೋರ್ತಿಲ್ಲ ಅನ್ನೋರಿಗೆ ಹೀಗೆ ಮಾಡಿ. ಅಸೋಸಿಯೇಷನ್‌ನವರನ್ನು ಮಧ್ಯ ಇಟ್ಟುಕೊಂಡು, ಮೇಲಿನ ಮನೆ ಬಚ್ಚಲಿನ ನೆಲದ ತೂತು ಮುಚ್ಚಿ, ಅಡುಗೆ ಬಣ್ಣ ಕಲಸಿದ ನೀರು ಒಂದು ಬೆರಳು ಎತ್ತರ ನಿಲ್ಲಿಸಿ ಒಂದು ದಿನ ಬಿಡೋಕೆ ಹೇಳಿ. ಮಟ್ಟ ಎಲ್ಲಿತ್ತು ಅಂತ ಟೈಲ್ಸ್ ಮೇಲೆ ಗುರುತು ಹಾಕಿ ಫೋಟೋ ತೆಗೆದಿಡಿ. ನೀರು ಇಳಿದರೆ ಅಥವಾ ನಿಮ್ಮ ಗೋಡೆಯಲ್ಲಿ ಬಣ್ಣ ಮೂಡಿದರೆ ವಾದವೇ ಇಲ್ಲ. ಎರಡೂ ಆಗದಿದ್ದರೆ ನಲ್ಲಿ ಪೈಪನ್ನು ಒತ್ತಡ ಕೊಟ್ಟು ನೋಡಲು ಪ್ಲಂಬರಿಗೆ ಹೇಳಿ. ಅಲ್ಲಿಯವರೆಗೆ ಮಗನ ಮಂಚವನ್ನು ಇನ್ನೊಂದು ರೂಮಿಗೆ ಹಾಕಿ.